ಪ್ಲಾಸ್ಟಿಕ್ ರಸ್ತೆ ಬೇಕೋ ಬೇಡವೋ? ಮೊದಲು ಹಳೇ ರಸ್ತೆಯ ಲೆಕ್ಕ ಕೇಳಿ

ಪ್ರಶ್ನೆ: ನಮ್ಮದು ಹುಬ್ಬಳ್ಳಿಯ ಗದಗ ರಸ್ತೆ ಕಡೆಯ ಬಡಾವಣೆ. ಕೆಳಗೆ ಎರೆಮಣ್ಣು. ಮುಖ್ಯ ಒಳರಸ್ತೆ ಸುಮಾರು 650 ಮೀಟರ್ ಉದ್ದ, ಐದೂವರೆ ಮೀಟರ್ ಅಗಲ. ಇಲ್ಲಿಯವರೆಗೆ ಮೂರು ಸಲ ಡಾಂಬರು ಹಾಕಿದ್ದಾರೆ, ಮೂರು ಸಲವೂ ಹಳೆಯದರ ಮೇಲೆಯೇ. ಎರಡನೇ ಮಳೆಗಾಲ ಬರುವಷ್ಟರಲ್ಲಿ ಅದೇ ಅದೇ ಜಾಗದಲ್ಲಿ ಗುಂಡಿ. ರಸ್ತೆ ಏರುತ್ತಾ ಬಂದು ನಮ್ಮ ಅಂಗಳ ನಾಲ್ಕು ಬೆರಳು ಕೆಳಗಾಗಿದೆ, ಜೋರು ಮಳೆಗೆ ನೀರು ಗೇಟಿನೊಳಗೆ ಬರುತ್ತದೆ. ಈ ಸಲ ‘ಪ್ಲಾಸ್ಟಿಕ್ ರಸ್ತೆ’ ಮಾಡುತ್ತೇವೆ, ಕೆಟ್ಟ ಜಾಗಗಳಲ್ಲಿ ಕಟ್ಟಡ ಒಡೆದ ಅವಶೇಷ ತುಂಬುತ್ತೇವೆ ಎನ್ನುತ್ತಿದ್ದಾರೆ. ಹತ್ತು ವರ್ಷ ಗುಂಡಿಯೇ ಬೀಳುವುದಿಲ್ಲ ಎಂದು ಕೆಲವರು, ಬೇಸಿಗೆಯಲ್ಲಿ ಕರಗಿ ವಿಷಗಾಳಿ ಬರುತ್ತದೆ ಎಂದು ಇನ್ನು ಕೆಲವರು. ನನ್ನ ತಾಯಿಗೆ ಉಬ್ಬಸ ಇದೆ. ಪರಿಸರಕ್ಕೆ ಒಳ್ಳೆಯದಾದರೆ ನನ್ನ ವಿರೋಧವಿಲ್ಲ. ಆದರೆ ಯಾವುದನ್ನು ನಂಬಬೇಕು, ಎಂಜಿನಿಯರ್ ಹತ್ತಿರ ಏನು ಕೇಳಬೇಕು, ತಿಳಿಸುವಿರಾ?

ಉತ್ತರ:

ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಒಟ್ಟಿಗೆ ಹೆಣೆದುಕೊಂಡಿವೆ. ಪ್ಲಾಸ್ಟಿಕ್ ಹಾಕಿದ ರಸ್ತೆ ಸುರಕ್ಷಿತವೇ, ಅದು ಬಾಳಿಕೆ ಬರುತ್ತದೆಯೇ, ನೀರು ಮನೆಗೆ ನುಗ್ಗುವುದು ನಿಲ್ಲುತ್ತದೆಯೇ. ಮೂರನೆಯದನ್ನು ನೀವು ನಡುವೆ ಒಂದು ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ. ಮೂವತ್ತು ವರ್ಷ ರಸ್ತೆ ಕಾಮಗಾರಿಗಳಲ್ಲಿ ನಿಂತು ನೋಡಿದವನಾಗಿ ಹೇಳುತ್ತೇನೆ, ಉಳಿದ ಎರಡಕ್ಕೂ ಉತ್ತರ ಇರುವುದು ಅದೇ ಸಾಲಿನಲ್ಲಿ.

ಮೊದಲು ತಾಯಿಯವರ ಉಬ್ಬಸದ ವಿಚಾರ. ರಸ್ತೆಗೆ ಪ್ಲಾಸ್ಟಿಕ್ ಬೆರೆಸುವಾಗ ಅದನ್ನು ಸುಡುವುದಿಲ್ಲ. ನಮ್ಮಲ್ಲಿ ಹೆಚ್ಚು ರೂಢಿಯಲ್ಲಿರುವುದು ಒಣ ವಿಧಾನ. ಪ್ಲಾಸ್ಟಿಕ್ಕನ್ನು ಎರಡೂವರೆ ಮಿಲಿಮೀಟರಿಗಿಂತ ಸಣ್ಣ ಚೂರು ಮಾಡಿಕೊಳ್ಳುತ್ತಾರೆ. ಹಾಟ್ ಮಿಕ್ಸ್ ಪ್ಲಾಂಟಿನಲ್ಲಿ ಜಲ್ಲಿಯನ್ನು, ನಿಮ್ಮ ಕಡೆ ಖಡಿ ಎನ್ನುತ್ತೀರಿ, 165 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಿ ಅದರ ಮೇಲೆ ಆ ಚೂರು ಸುರಿಯುತ್ತಾರೆ. ಅರ್ಧ ನಿಮಿಷದೊಳಗೆ ಚೂರು ಕರಗಿ ಕಲ್ಲಿಗೆ ತೆಳ್ಳಗೆ ಮೆತ್ತಿಕೊಳ್ಳುತ್ತದೆ. ಆ ಹಂತದಲ್ಲಿ ಒಂದು ಖಡಿಯನ್ನು ಇಕ್ಕಳದಲ್ಲಿ ತೆಗೆದು ನೋಡಿದರೆ, ಬೂದು ಕಲ್ಲಿಗೆ ಎಣ್ಣೆ ಸವರಿದ ಹಾಗೆ ಮಿಂಚು ಇರುತ್ತದೆ, ತಣಿದ ಮೇಲೆ ಉಗುರಿನಿಂದ ಕೆರೆದರೂ ಸುಲಭಕ್ಕೆ ಏಳುವುದಿಲ್ಲ. ಆಮೇಲೆ ಬಿಸಿ ಡಾಂಬರು ಸೇರಿಸುತ್ತಾರೆ. ಹಾಲಿನ ಪ್ಯಾಕೆಟ್ಟಿನಂಥ ಪಾಲಿಥೀನ್ ಕರಗುವುದು 110ರಿಂದ 135 ಡಿಗ್ರಿ ನಡುವೆ. ಅದು ಒಡೆದು ಅನಿಲವಾಗಲು ಇನ್ನೂ ನೂರಕ್ಕೂ ಹೆಚ್ಚು ಡಿಗ್ರಿ ಬಿಸಿ ಬೇಕು. ಹಾಗಾಗಿ ಶಾಖ ಹತೋಟಿಯಲ್ಲಿದ್ದರೆ ಪಾಲಿಥೀನಿನಿಂದ ವಿಷಗಾಳಿ ಏಳುವ ಪ್ರಶ್ನೆ ಇಲ್ಲ. ಹೊಸ ರಸ್ತೆ ಹಾಕುವಾಗ ಮೂಗಿಗೆ ಬಡಿಯುವ ವಾಸನೆ ಬಹುಪಾಲು ಡಾಂಬರಿನದೇ. ಅದೂ ಉಬ್ಬಸದವರಿಗೆ ಒಳ್ಳೆಯದಲ್ಲ. ಕೆಲಸ ನಡೆಯುವ ದಿನ ಮತ್ತು ಮರುದಿನ ತಾಯಿಯವರನ್ನು ಬೇರೆಡೆ ಇರಿಸಿ. ಪ್ಲಾಸ್ಟಿಕ್ ಇಲ್ಲದ ರಸ್ತೆಯಾದರೂ ನಾನು ಇದನ್ನೇ ಹೇಳುತ್ತಿದ್ದೆ.

ಬೇಸಿಗೆಯಲ್ಲಿ ಕರಗುತ್ತದೆ ಎಂಬ ಮಾತಂತೂ ತಿರುವುಮುರುವು. ಏಪ್ರಿಲ್ ಬಿಸಿಲಿಗೆ ಕಪ್ಪು ರಸ್ತೆಯ ಮೈ 60 ಡಿಗ್ರಿ ದಾಟಬಹುದು. ಆ ಬಿಸಿಗೆ ಮೆತ್ತಗಾಗುವುದು ಬರೀ ಡಾಂಬರು. ವಿಜಿ-30 ಎಂಬ ಸಾಮಾನ್ಯ ದರ್ಜೆಯ ಡಾಂಬರಿನ ಮೃದುಬಿಂದು, ಎಂದರೆ ಅದು ಮೆತ್ತಗಾಗುವ ಬಿಸಿ, 47 ಡಿಗ್ರಿ ಇದ್ದರೂ ಪರೀಕ್ಷೆಯಲ್ಲಿ ಪಾಸು. ಪಾಲಿಥೀನ್ ಆ ಬಿಸಿಗೆ ಜಗ್ಗುವುದಿಲ್ಲ, ಮಿಶ್ರಣವನ್ನು ಗಟ್ಟಿಯಾಗಿಯೇ ಹಿಡಿದಿಡುತ್ತದೆ. ಬಸ್ ನಿಲ್ಲುವ ಕಡೆ ರಸ್ತೆ ಅಲೆಅಲೆಯಾಗಿ ಕುಸಿಯುವುದು ಇದರಿಂದ ಕಡಿಮೆಯಾಗುತ್ತದೆ.

ಇನ್ನು ನಿಜವಾದ ಭಯ ಎಲ್ಲಿರಬೇಕು ಎಂದರೆ, ಚೂರಿನ ಚೀಲದಲ್ಲಿ. ಪಿವಿಸಿ ಬಿಸಿಯಾದರೆ ಹೈಡ್ರೋಜನ್ ಕ್ಲೋರೈಡ್ ಬಿಡುತ್ತದೆ, ಅದು ಉಸಿರುನಾಳವನ್ನು ಸುಡುವ ಅನಿಲ. ನಮ್ಮ ಊರುಗಳಲ್ಲಿ ಪಿವಿಸಿ ಎಲ್ಲಿಂದ ಬರುತ್ತದೆ? ಹುಟ್ಟುಹಬ್ಬ, ಜಾತ್ರೆ, ಚುನಾವಣೆಯ ಫ್ಲೆಕ್ಸುಗಳಿಂದ. 2013ರಲ್ಲಿ ಭಾರತೀಯ ರಸ್ತೆ ಕಾಂಗ್ರೆಸ್ ಎಂಬ ರಸ್ತೆ ಎಂಜಿನಿಯರುಗಳ ಸಂಸ್ಥೆ ಹೊರತಂದ ಮಾರ್ಗಸೂಚಿ, ಐಆರ್‌ಸಿ ಎಸ್‌ಪಿ 98, ಪಿವಿಸಿ ಹಾಳೆಗಳನ್ನು ಯಾವ ಕಾರಣಕ್ಕೂ ಬಳಸಬಾರದು ಎನ್ನುತ್ತದೆ. ಪದೇ ಪದೇ ಕರಗಿಸಿ ಜೀವ ಹೋದ ಕಪ್ಪು ಪ್ಲಾಸ್ಟಿಕ್ಕೂ ಬೇಡ. ನೀರಿನ ಬಾಟಲಿಯ ಪ್ಲಾಸ್ಟಿಕ್ ಕರಗಲು ಸುಮಾರು 250 ಡಿಗ್ರಿ ಬೇಕು, 165ರ ಖಡಿಯ ಮೇಲೆ ಅದು ಮೆತ್ತಿಕೊಳ್ಳದೆ ಚೂರಾಗಿಯೇ ಉಳಿಯುತ್ತದೆ. ಅದಕ್ಕೆ ಬೇರೆ ಮರುಬಳಕೆ ದಾರಿಗಳೂ ಇವೆ, ಬೆಲೆಯೂ ಸಿಗುತ್ತದೆ. ರಸ್ತೆಗೆ ಹೇಳಿಮಾಡಿಸಿದ್ದು ಹಾಲಿನ ಪ್ಯಾಕೆಟ್, ತೆಳು ಚೀಲ, ಹೊದಿಕೆ ಹಾಳೆ. ಅವೂ ತೊಳೆದು ಒಣಗಿಸಿದ್ದಾಗಿರಬೇಕು.

ಒಂದು ಕಾಮಗಾರಿ ನನ್ನ ಮನಸ್ಸಿನಿಂದ ಹೋಗಿಲ್ಲ. ಊರು, ಗುತ್ತಿಗೆದಾರರ ಹೆಸರು ಬೇಡ. ಪ್ಲಾಂಟಿನಲ್ಲಿ ಸಾಲಾಗಿಟ್ಟ ಚೀಲಗಳಲ್ಲಿ ಒಂದನ್ನು ಬಿಚ್ಚಿ ಕೈ ಹಾಕಿದೆ. ಮೇಲೆ ಹಗುರ, ಬಿಳಿ ಚೂರು. ಮೊಣಕೈವರೆಗೆ ಇಳಿಸಿದಾಗ ಅಂಗೈಗೆ ತೇವ ತಾಗಿತು. ಹೊರಗೆ ತೆಗೆದರೆ ಮುದ್ದೆಗಟ್ಟಿದ ಚೂರಿನ ಜೊತೆ ಮಣ್ಣು, ಹಿಂಬದಿಯಲ್ಲಿ ನೂಲು ಕಾಣುವ ಬಣ್ಣದ ಫ್ಲೆಕ್ಸ್ ತುಂಡು. ಅಂದಿನ ಕೆಲಸ ನಿಲ್ಲಿಸಿದೆ. ಆದರೆ ಅದಕ್ಕೂ ಮುಂಚಿನ ಎರಡು ದಿನ ಅದೇ ಚೀಲಗಳಿಂದ ಮಿಶ್ರಣಕ್ಕೆ ಚೂರು ಬಿದ್ದಿತ್ತು, ನಾನು ಬಿಚ್ಚಿ ನೋಡಿರಲಿಲ್ಲ. ಮುಂದಿನ ಮಳೆಗಾಲ ಆ ಎರಡು ದಿನಗಳ ಭಾಗದಲ್ಲಿ ಖಡಿ ಕಿತ್ತು ಬಂತು. ಪ್ಲಾಸ್ಟಿಕ್ ಮುದ್ದೆಯಾಗಿದ್ದ ಜಾಗದಲ್ಲಿ ಡಾಂಬರು ಕಲ್ಲಿಗೆ ಹಿಡಿದೇ ಇರಲಿಲ್ಲ. ಅಂದಿನಿಂದ ಚೀಲದ ಮೇಲಿನ ಪದರ ನೋಡಿ ನಾನು ಒಪ್ಪಿಗೆ ಕೊಟ್ಟದ್ದಿಲ್ಲ.

ಹತ್ತು ವರ್ಷ ಗುಂಡಿ ಬೀಳದು ಎಂಬ ಭರವಸೆಯ ಹಿಂದೆ ಸ್ವಲ್ಪ ಸತ್ಯವಿದೆ. ಮದುರೈನ ತ್ಯಾಗರಾಜರ್ ಎಂಜಿನಿಯರಿಂಗ್ ಕಾಲೇಜಿನ ರಸಾಯನಶಾಸ್ತ್ರ ಪ್ರಾಧ್ಯಾಪಕ ಆರ್. ವಾಸುದೇವನ್ ಈ ಒಣ ವಿಧಾನವನ್ನು ರೂಪಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರು ಈ ವಿಧಾನ ರೂಪಿಸುತ್ತಿದ್ದ ಹೊತ್ತಿಗೇ ಬೆಂಗಳೂರಿನಲ್ಲಿ ಅಹ್ಮದ್ ಖಾನ್, ರಸೂಲ್ ಖಾನ್ ಎಂಬ ಸೋದರರು ಪ್ಲಾಸ್ಟಿಕ್ ಚೀಲ ತಯಾರಿಸುವ ಉದ್ಯಮದಲ್ಲಿದ್ದುಕೊಂಡೇ, ತಮ್ಮ ಸರಕೇ ಕಸವಾಗುತ್ತಿರುವುದನ್ನು ಕಂಡು ರಸ್ತೆಗೆ ಬೆರೆಸುವ ಕೆಲಸ ಶುರುಮಾಡಿದರು. ಚೆನ್ನೈನ ಜಂಬುಲಿಂಗಂ ಬೀದಿ 2002ರಲ್ಲಿ ಹೀಗೆ ಆದದ್ದು. ಅದೂ ಸೇರಿದಂತೆ ಕೆಲವು ರಸ್ತೆಗಳ ಸ್ಥಿತಿ ನೋಡಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2008ರಲ್ಲಿ ಪ್ರಕಟಿಸಿದ ವರದಿ, ಅವು ಚೆನ್ನಾಗಿಯೇ ನಿಂತಿವೆ ಎಂದಿತು. 2015ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ದೊಡ್ಡ ನಗರಗಳ ಸುತ್ತಮುತ್ತಲಿನ ಡಾಂಬರು ಕೆಲಸಕ್ಕೆ ತ್ಯಾಜ್ಯ ಪ್ಲಾಸ್ಟಿಕ್ ಬಳಸಿ ಎಂದು ಸೂಚಿಸಿತು. ಅಂದರೆ ಇದು ಯಾರೋ ನಿಮ್ಮ ಬೀದಿಯಲ್ಲಿ ಮಾಡುತ್ತಿರುವ ಮೊದಲ ಪ್ರಯೋಗವಲ್ಲ.

ಇಷ್ಟಾದರೂ ನಿಮ್ಮ ರಸ್ತೆಗೆ ಆ ಭರವಸೆ ಕೊಡಲಾರೆ. ಕಾರಣ ಇಷ್ಟೇ: ಪ್ಲಾಸ್ಟಿಕ್ ಲೇಪ ಮಾಡುವ ದೊಡ್ಡ ಉಪಕಾರವೆಂದರೆ ಡಾಂಬರನ್ನು ಕಲ್ಲಿಗೆ ಬಿಗಿಯಾಗಿ ಅಂಟಿಸುವುದು. ನೀರು ಕಲ್ಲಿಗೂ ಡಾಂಬರಿಗೂ ನಡುವೆ ನುಸುಳಿ ಬೇರ್ಪಡಿಸುವುದನ್ನು ಅದು ತಡೆಯುತ್ತದೆ. ಇದನ್ನು ಪರೀಕ್ಷಿಸುವುದೂ ಸರಳ. ಡಾಂಬರು ಹಚ್ಚಿದ ಖಡಿಯನ್ನು ನೀರಿರುವ ಪಾತ್ರೆಯಲ್ಲಿ 40 ಡಿಗ್ರಿಯಲ್ಲಿ ಒಂದು ಹಗಲು ಒಂದು ರಾತ್ರಿ ಇಡುತ್ತಾರೆ. ಬೆಳಿಗ್ಗೆ ನೋಡಿದರೆ ಕಪ್ಪು ಸಿಪ್ಪೆ ಬಿಟ್ಟು ಬೂದು ಕಲ್ಲು ಎಷ್ಟು ಇಣುಕುತ್ತಿದೆ ಎಂಬುದೇ ಫಲಿತಾಂಶ. ಒಳ್ಳೆಯ ಮಿಶ್ರಣದಲ್ಲಿ ನೂರಕ್ಕೆ 95 ಭಾಗ ಲೇಪ ಉಳಿದಿರಬೇಕು. ಪ್ಲಾಸ್ಟಿಕ್ ಸವರಿದ ಖಡಿ ಇದರಲ್ಲಿ ಚೆನ್ನಾಗಿ ಗೆಲ್ಲುತ್ತದೆ.

ಆದರೆ ನಿಮ್ಮಲ್ಲಿ ಗುಂಡಿ ಬೀಳುತ್ತಿರುವುದು ಪ್ರತಿಸಲ ‘ಅದೇ ಅದೇ ಜಾಗದಲ್ಲಿ’. ಈ ಮಾತನ್ನು ನೀವೇ ಬರೆದಿದ್ದೀರಿ. ಮೇಲಿನ ಪದರದ ದೋಷವಾಗಿದ್ದರೆ ಗುಂಡಿ ಜಾಗ ಬದಲಿಸುತ್ತಿತ್ತು. ಒಂದೇ ಕಡೆ ಬಾಯಿ ತೆರೆಯುತ್ತಿದೆ ಎಂದರೆ ಅಲ್ಲಿ ಕೆಳಗೆ ನೀರು ನಿಲ್ಲುತ್ತಿದೆ. ಎರೆಮಣ್ಣಿನ ಸ್ವಭಾವ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು, ಮಳೆಗೆ ಕುಡಿದು ಉಬ್ಬುವುದು, ಕಾಲಿಟ್ಟರೆ ಹೂತುಹೋಗುವುದು. ಅದರ ಮೇಲೆ ಕೂತ ರಸ್ತೆ ವರ್ಷಕ್ಕೊಮ್ಮೆ ಉಸಿರೆಳೆದು ಬಿಟ್ಟ ಹಾಗೆ ಮೇಲೆ ಕೆಳಗೆ ಆಡುತ್ತದೆ. ಮೇಲಿನ 30 ಮಿಲಿಮೀಟರಿನಲ್ಲಿ ಪ್ಲಾಸ್ಟಿಕ್ ಇರಲಿ, ರಬ್ಬರ್ ಇರಲಿ, ಬುಡವೇ ಅಲುಗಿದಾಗ ಬಿರುಕು ಬಿಡಲೇಬೇಕು. ಬಿರುಕಿನಲ್ಲಿ ನೀರು, ನೀರಿನ ಮೇಲೆ ಗಾಲಿ, ಅಷ್ಟರಲ್ಲಿ ಗುಂಡಿ.

ಈಗ ಸರಕಿನ ಲೆಕ್ಕಕ್ಕೆ ಬರೋಣ. ನೀವು ಅಳತೆ ಕೊಟ್ಟಿದ್ದು ಬಹಳ ಉಪಕಾರವಾಯಿತು. 650 ಮೀಟರ್ ಉದ್ದ, 5.5 ಮೀಟರ್ ಅಗಲಕ್ಕೆ 30 ಮಿಲಿಮೀಟರ್ ದಪ್ಪದ ಹೊಸ ಪದರ ಎಂದರೆ ಸುಮಾರು 250 ಟನ್ ಮಿಶ್ರಣ. ಅದರಲ್ಲಿ ಡಾಂಬರು ಹದಿಮೂರು ಟನ್ನಿನಷ್ಟು. ಪ್ಲಾಸ್ಟಿಕ್ ಹಾಕುವುದು ಡಾಂಬರಿನ ತೂಕದ ಶೇ 6ರಿಂದ 8. ಅಂದರೆ ನಿಮ್ಮ ಇಡೀ ರಸ್ತೆಗೆ ಹೆಚ್ಚೆಂದರೆ ಒಂದು ಟನ್ ಪ್ಲಾಸ್ಟಿಕ್, ಅಷ್ಟೇ ತೂಕದ ಡಾಂಬರು ಉಳಿತಾಯ. ಒಂದು ಟನ್ ಹಾಲಿನ ಪ್ಯಾಕೆಟ್ ಎಂದರೆ ಲಕ್ಷಗಟ್ಟಲೆ ಪ್ಯಾಕೆಟ್, ಅವು ಗಟಾರಕ್ಕೆ ಬೀಳದೆ ಉಳಿದರೆ ಅದು ಸಣ್ಣ ಸಂಗತಿಯಲ್ಲ, ನಾನು ಅದನ್ನು ಮೆಚ್ಚುತ್ತೇನೆ.

ಹಾಗಿದ್ದರೆ ಈಗಾಗಲೇ ಅಲ್ಲಿ ಬಿದ್ದಿರುವುದೆಷ್ಟು? ಮೂರು ಪದರ, ಒಂದೊಂದು 25 ಮಿಲಿಮೀಟರ್ ಹಿಡಿದರೂ 75. ನಿಮ್ಮ ಅಂಗಳ ತಗ್ಗಾದ ನಾಲ್ಕು ಬೆರಳು ಅದೇ. ತೂಕದಲ್ಲಿ ಅದು 600 ಟನ್ನಿಗೂ ಮೇಲೆ ಒಳ್ಳೆಯ ಖಡಿ, ಅದರೊಳಗೆ ಸುಮಾರು ಮೂವತ್ತು ಟನ್ ಹಳೆ ಡಾಂಬರು. ಯಾವುದೋ ಗುಡ್ಡ ಒಡೆದು, ಟಿಪ್ಪರಿನಲ್ಲಿ ಹೇರಿ, ಕಾಯಿಸಿ ತಂದದ್ದು. ಅದರ ಮೇಲೆ ಮತ್ತೆ 250 ಟನ್ ಹೊಸ ಕಲ್ಲು ಹೇರಿ, ಒಂದು ಟನ್ ಪ್ಲಾಸ್ಟಿಕ್ಕಿಗಾಗಿ ಇದನ್ನು ಪರಿಸರಸ್ನೇಹಿ ಎಂದು ಕರೆಯುವುದು ನನಗೆ ಒಪ್ಪಿಗೆಯಾಗದ ಮಾತು. ನಿಮ್ಮ ರಸ್ತೆಯಲ್ಲಿ ಮರುಬಳಕೆಗೆ ಸಿಗುವ ದೊಡ್ಡ ಸರಕು ಆ ರಸ್ತೆಯೇ.

ಅದನ್ನು ಬಳಸುವ ಕ್ರಮಕ್ಕೂ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಪ್ರತ್ಯೇಕ ಕೈಪಿಡಿ ಇದೆ, ಐಆರ್‌ಸಿ 120, 2015ರದು. ಮಿಲ್ಲಿಂಗ್ ಯಂತ್ರ ಹಳೆಯ ಪದರವನ್ನು ಬೇಕಾದ ಆಳಕ್ಕೆ ಕೆರೆದು ಪುಡಿ ಮಾಡಿ ಟಿಪ್ಪರಿಗೆ ತುಂಬುತ್ತದೆ. ಆ ಪುಡಿಯನ್ನು ಪ್ಲಾಂಟಿಗೆ ಒಯ್ದು ಹೊಸ ಮಿಶ್ರಣದಲ್ಲಿ ಶೇ 20–30ರವರೆಗೆ ಸೇರಿಸಬಹುದು, ಇಲ್ಲವೇ ಎಮಲ್ಷನ್, ಎಂದರೆ ನೀರಿನಲ್ಲಿ ಕದಡಿದ ಡಾಂಬರು, ಬೆರೆಸಿ ತಣ್ಣಗೇ ತಳಪದರಕ್ಕೆ ಹಾಸಬಹುದು. ಇದರಲ್ಲೂ ಅಪಾಯ ಇದೆ. ಬಿಸಿಲು ಗಾಳಿಗೆ ಹಳೆ ಡಾಂಬರು ಒಣಗಿ ಬಿರುಸಾಗಿರುತ್ತದೆ. ಹೆಚ್ಚು ಸೇರಿಸಿದರೆ ರಸ್ತೆ ಹಪ್ಪಳದಂತೆ ಬಿರಿಯುತ್ತದೆ. ಪುಡಿಯನ್ನು ಬರ್ನರಿನ ಜ್ವಾಲೆಗೆ ನೇರ ಒಡ್ಡಿದರೆ ಡಾಂಬರು ಸುಟ್ಟು ನೀಲಿ ಹೊಗೆ ಏಳುತ್ತದೆ, ಅದು ಅಕ್ಕಪಕ್ಕದವರಿಗೂ ಕೆಲಸಗಾರರಿಗೂ ಕೆಡುಕು. ಪುಡಿಯನ್ನು ಜ್ವಾಲೆಗೆ ತಾಗಿಸದೆ ಸುರಿಯಲು ಬೇಕಾದ ಪ್ರತ್ಯೇಕ ಬಾಯಿ ಎಲ್ಲ ಪ್ಲಾಂಟುಗಳಲ್ಲೂ ಇರುವುದಿಲ್ಲ. ಇನ್ನೊಂದು ವಾಸ್ತವ: 650 ಮೀಟರಿಗೆ ಮಾತ್ರ ಮಿಲ್ಲಿಂಗ್ ಯಂತ್ರ ತರಿಸಿದರೆ ಸಾಗಣೆ ಖರ್ಚೇ ಭಾರ. ಅಕ್ಕಪಕ್ಕದ ನಾಲ್ಕಾರು ರಸ್ತೆಗಳನ್ನು ಒಂದೇ ಕಾಮಗಾರಿಯಾಗಿ ಸೇರಿಸಿದರೆ ಹೊಂದುತ್ತದೆ. ನಿಮ್ಮ ಸಂಘ ಪಕ್ಕದ ಬಡಾವಣೆಯವರ ಜೊತೆ ಸೇರಿ ಅರ್ಜಿ ಕೊಡಲಿ ಎಂದು ಹೇಳುವುದು ಇದಕ್ಕೇ.

ಯಂತ್ರ ಬರುವುದೇ ಇಲ್ಲ ಎಂದಾದರೆ ಜೆಸಿಬಿಯಿಂದ ಕಿತ್ತೆಬ್ಬಿಸಬಹುದು. ಆಗ ಹೆಂಟೆಹೆಂಟೆಯಾಗಿ ಬರುತ್ತದೆ, ಮಣ್ಣೂ ಬೆರೆಯುತ್ತದೆ. ಅದು ಮೇಲ್ಪದರಕ್ಕೆ ಲಾಯಕ್ಕಲ್ಲ. ಒಡೆದು ಜರಡಿ ಹಿಡಿದು ಕೆಳಪದರಕ್ಕೆ ಹಾಕಿಸಿಕೊಳ್ಳಿ. ಊರ ಹೊರಗಿನ ಕೆರೆದಂಡೆಗೆ ಸುರಿಯಲು ಬಿಡಬೇಡಿ.

ಕಟ್ಟಡದ ಅವಶೇಷದ ಪ್ರಸ್ತಾಪ ಬಂದಿದೆಯಲ್ಲ, ಅದಕ್ಕೂ ಐಆರ್‌ಸಿ 121 ಎಂಬ 2017ರ ಮಾರ್ಗಸೂಚಿ ಇದೆ. ಕಾಂಕ್ರೀಟನ್ನು ಕ್ರಷರಿನಲ್ಲಿ ಒಡೆದು, ಕಬ್ಬಿಣ ತೆಗೆದು, ಜರಡಿ ಹಿಡಿದ ಜಲ್ಲಿಯಾದರೆ ಕೆಳಪದರಕ್ಕೆ ಧಾರಾಳವಾಗಿ ಒಪ್ಪಬಹುದು. ಆದರೆ ‘ಅವಶೇಷ ತುಂಬುತ್ತೇವೆ’ ಎಂದರೆ ಬಹಳ ಕಡೆ ಅರ್ಥ ಬೇರೆಯೇ. ಇಟ್ಟಿಗೆ ಚೂರು, ಗಿಲಾವಿನ ಪುಡಿ, ಟೈಲ್ಸ್, ಕಟ್ಟಿಗೆ ಎಲ್ಲ ಸೇರಿದ ಟ್ರ್ಯಾಕ್ಟರ್ ಲೋಡನ್ನು ತಗ್ಗಿಗೆ ಸುರಿದು ರೋಲರ್ ಓಡಿಸುವುದು. ಇಟ್ಟಿಗೆ ನೀರು ಕುಡಿಯುತ್ತದೆ, ಗಿಲಾವು ಕೆಸರಾಗುತ್ತದೆ, ಕಟ್ಟಿಗೆ ಕೊಳೆತು ಟೊಳ್ಳಾಗುತ್ತದೆ. ಎರೆಮಣ್ಣಿನ ಮೇಲೆ ನೀರು ಹಿಡಿದಿಡುವ ಸರಕು ತುಂಬುವುದು ಎಂದರೆ ಗುಂಡಿಗೆ ನೀವೇ ಬಾವಿ ತೋಡಿಕೊಟ್ಟ ಹಾಗೆ. ಅದಕ್ಕಿಂತ ಎರೆಮಣ್ಣನ್ನು ಒಂದಡಿಯಷ್ಟು ತೆಗೆದು ಗರಸು ತುಂಬುವುದು, ಇಲ್ಲವೇ ಸುಣ್ಣ ಬೆರೆಸಿ ಮಣ್ಣಿನ ಉಬ್ಬುವ ಗುಣ ಕಡಿಮೆ ಮಾಡುವುದು ಹಳೆಯ, ನಂಬಬಹುದಾದ ದಾರಿ.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕಿಟ್ಟವನ್ನು, ಎಂದರೆ ಉಕ್ಕು ತಯಾರಿಸುವಾಗ ಉಳಿಯುವ ಕಲ್ಲಿನಂಥ ಕಸವನ್ನು, ಯಾಕೆ ತರಬಾರದು ಎಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು. 2022ರಲ್ಲಿ ಸೂರತ್ ಬಳಿಯ ಹಜೀರಾದಲ್ಲಿ ಉಕ್ಕಿನ ಕಿಟ್ಟದಿಂದಲೇ ರಸ್ತೆ ಮಾಡಿ ತೋರಿಸಿದ್ದಾರೆ, ಕೇಂದ್ರೀಯ ರಸ್ತೆ ಸಂಶೋಧನಾ ಸಂಸ್ಥೆ ಅದರ ಹಿಂದಿತ್ತು. ಆದರೆ ಹಜೀರಾದ ಆ ರಸ್ತೆ ಕಾರ್ಖಾನೆಯ ಬಾಗಿಲಲ್ಲೇ ಇದೆ. ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರದಿಂದ ಲಾರಿಯಲ್ಲಿ ಹೇರಿ ತಂದರೆ ಉಳಿಸಿದ್ದನ್ನು ಡೀಸೆಲಿಗೆ ಸುರಿದಂತೆ. ಬಳ್ಳಾರಿ, ಹೊಸಪೇಟೆಯ ರಸ್ತೆಗಳಿಗೆ ಅದು ಒಳ್ಳೆಯದು. ಹಳೆ ಟೈರಿನ ರಬ್ಬರ್ ಪುಡಿ ಬೆರೆಸಿದ ಡಾಂಬರೂ ಒಳ್ಳೆಯ ಸರಕೇ, ಬಿರುಕಿಗೆ ತಡೆ ಕೊಡುತ್ತದೆ. ಆದರೆ ಟ್ಯಾಂಕಿನಲ್ಲಿ ಕಲಕುತ್ತಿರದಿದ್ದರೆ ರಬ್ಬರ್ ತಳಕ್ಕೆ ಇಳಿಯುತ್ತದೆ. ವಾಹನ ಓಡಾಟ ಕಡಿಮೆ ಇರುವ ನಿಮ್ಮ ಒಳರಸ್ತೆಗೆ ಅದರ ಅಗತ್ಯ ನನಗೆ ಕಾಣುವುದಿಲ್ಲ.

ನೀವು ಕೇಳದ ಒಂದು ಪ್ರಶ್ನೆಯನ್ನು ನಾನೇ ಎತ್ತುತ್ತೇನೆ. ರಸ್ತೆ ಸವೆದಂತೆ ಪ್ಲಾಸ್ಟಿಕ್ಕೂ ಕಣವಾಗಿ ಚರಂಡಿಗೆ, ಕೆರೆಗೆ ಹೋಗುವುದಿಲ್ಲವೇ? ಸವೆದ ರಸ್ತೆಯಿಂದ ಸ್ವಲ್ಪ ಹೋಗಿಯೇ ಹೋಗುತ್ತದೆ. ರಸ್ತೆಯಿಂದ ಏಳುವ ಕಣಗಳಲ್ಲಿ ದೊಡ್ಡ ಪಾಲು ಟೈರಿನದೇ ಆದರೂ, ಅದನ್ನು ನೆಪ ಮಾಡಿಕೊಂಡು ಇದನ್ನು ತಳ್ಳಿಹಾಕುವಂತಿಲ್ಲ. ಗಟ್ಟಿಯಾಗಿ ಕೂತ ರಸ್ತೆಯಲ್ಲಿ ಪ್ಲಾಸ್ಟಿಕ್ ಡಾಂಬರಿನ ಅಡಿ, ಕಲ್ಲಿಗೆ ಅಂಟಿಕೊಂಡಿರುತ್ತದೆ. ಕಿತ್ತುಹೋಗುವ ರಸ್ತೆಯಲ್ಲಿ ಅದು ಬಿಡಿಬಿಡಿಯಾಗಿ ಹೊರಬೀಳುತ್ತದೆ. ಹಾಗಾಗಿ ಬುಡ ಸರಿಯಿಲ್ಲದ ಕಡೆ ಪ್ಲಾಸ್ಟಿಕ್ ಹಾಕುವುದು ದುಂದುಗಾರಿಕೆ ಮಾತ್ರವಲ್ಲ, ಕಸವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಡಿದಂತೆಯೂ ಆಗುತ್ತದೆ. ನನ್ನ ಅಭಿಪ್ರಾಯ ಈ ವಿಷಯದಲ್ಲಿ ಗಟ್ಟಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ? ಪ್ಲಾಸ್ಟಿಕ್ಕಿಗೆ ಅಡ್ಡಿ ಮಾಡುತ್ತಿರಲಿಲ್ಲ. ಎಂಜಿನಿಯರ್ ಸಾಹೇಬರ ಬಳಿ ಅಂದಾಜುಪಟ್ಟಿ ಕೇಳಿ, ಅದರಲ್ಲಿ ಗಟಾರದ ಕೆಲಸ ಇದೆಯೇ ಎಂದು ಮೊದಲು ನೋಡುತ್ತಿದ್ದೆ. ರಸ್ತೆಯ ನಡುವಿನಿಂದ ಎರಡೂ ಅಂಚಿಗೆ ಪ್ರತಿ ಮೀಟರಿಗೆ 20–25 ಮಿಲಿಮೀಟರ್ ಇಳಿಜಾರು, ಅಂಚಿನಲ್ಲಿ ಗಟಾರ, ಗಟಾರಕ್ಕೆ ಮುಂದೆ ಹರಿದುಹೋಗಲು ದಾರಿ. ಈ ಮೂರು ಇಲ್ಲದ ಅಂದಾಜುಪಟ್ಟಿಯಾದರೆ ಹಣ ಮತ್ತೆ ನೀರುಪಾಲು. ಎರಡನೆಯದು, ಪದೇ ಪದೇ ಗುಂಡಿ ಬೀಳುವ ಜಾಗಗಳಲ್ಲಿ ಆಳಕ್ಕೆ ಅಗೆದು ಬುಡ ಕಟ್ಟಿಸುವುದು. ಅಗೆದಾಗ ಕುಡಿಯುವ ನೀರಿನ ಪೈಪೋ ಒಳಚರಂಡಿಯೋ ಸೋರುತ್ತಿರುವುದು ಸಿಕ್ಕರೆ ಆಶ್ಚರ್ಯಪಡಬೇಡಿ, ನನಗೆ ಎಷ್ಟೋ ಕಡೆ ಸಿಕ್ಕಿದೆ. ಆಮೇಲೆ ಹಳೆಯ ಮೂರು ಪದರ ತೆಗೆಸುವುದು. ಕೊನೆಗೆ ಪ್ಲಾಸ್ಟಿಕ್ ಮಿಶ್ರಣದ ಹೊಸ ಪದರ, ಸಂತೋಷದಿಂದ. ಇದಕ್ಕೆಲ್ಲ ಈ ವರ್ಷದ ಹಣ ಸಾಲದೇ ಹೋದರೆ, ಗಟಾರ ಮತ್ತು ಬುಡದ ಕೆಲಸ ಈಗ ಮುಗಿಸಿ, ತೇಪೆ ಹಾಕಿಸಿ, ಮೇಲ್ಪದರವನ್ನು ಮುಂದಿನ ವರ್ಷಕ್ಕೆ ಬಿಡುವುದು ಮೇಲು. ಜನ ‘ರಸ್ತೆ ಆಗಲೇ ಇಲ್ಲ’ ಎಂದು ಸಿಟ್ಟಾಗುತ್ತಾರೆ, ಅದನ್ನು ಸಂಘದವರು ತಡೆದುಕೊಳ್ಳಬೇಕು. ಗುತ್ತಿಗೆದಾರರ ದೋಷ ಹೊಣೆಗಾರಿಕೆ ಅವಧಿ, ಎಂದರೆ ರಸ್ತೆ ಕೆಟ್ಟರೆ ಅವರೇ ಸರಿಮಾಡಿಕೊಡಬೇಕಾದ ಅವಧಿ, ಎಷ್ಟು ವರ್ಷ ಎಂಬುದನ್ನೂ ಬರೆಸಿಕೊಳ್ಳಿ.

ಡಾಂಬರು ಬೀಳುವ ದಿನ ನಿಮ್ಮಲ್ಲಿ ಇಬ್ಬರು ಅಲ್ಲಿರಲಿ. ಮಿಶ್ರಣ ಪ್ಲಾಂಟಿನಿಂದ ಬರುವುದರಿಂದ ಚೀಲ ಬಿಚ್ಚಿ ನೋಡುವ ಕೆಲಸ ಒಂದು ದಿನ ಮೊದಲೇ, ಅಲ್ಲಿಗೇ ಹೋಗಿ ಆಗಬೇಕು. ತಳದವರೆಗೆ ಕೈ ಹಾಕಿ ನೋಡಿ. ಟಿಪ್ಪರ್ ಬಂದಾಗ ಮಿಶ್ರಣಕ್ಕೆ ಥರ್ಮಾಮೀಟರ್ ಚುಚ್ಚಿಸಿ. ಹಾಸುವಾಗ 140 ಡಿಗ್ರಿಗಿಂತ ಕಡಿಮೆ ಇರಬಾರದು, 90ಕ್ಕೆ ಇಳಿಯುವುದರೊಳಗೆ ರೋಲರ್ ಕೆಲಸ ಮುಗಿದಿರಬೇಕು. ತಣ್ಣಗಾದ ಮಿಶ್ರಣ ಮಂಕಾಗಿ, ಗಂಟುಗಂಟಾಗಿ ಬೀಳುತ್ತದೆ, ಕಣ್ಣಿಗೇ ಗೊತ್ತಾಗುತ್ತದೆ. ನೆಲ ಒದ್ದೆಯಿದ್ದರೆ, ಮೋಡ ಕಟ್ಟಿದ್ದರೆ ಕೆಲಸ ಬೇಡವೆನ್ನಿ.

ಇದಕ್ಕೆಲ್ಲ ಮುಂಚೆ, ಈ ವಾರವೇ, ಒಂದು ಕೆಲಸ ಮಾಡಿ. ಪ್ರತಿ ಮನೆಯ ಗೇಟಿನ ಕಂಬದ ಮೇಲೆ ಈಗಿನ ರಸ್ತೆಯ ಮಟ್ಟಕ್ಕೆ ಸರಿಯಾಗಿ ಬಣ್ಣದಲ್ಲಿ ಒಂದು ಗೆರೆ ಎಳೆದು, ದಿನಾಂಕ ಬರೆದು ಫೋಟೋ ತೆಗೆದಿಡಿ. ಹೊಸ ರಸ್ತೆ ಆ ಗೆರೆ ದಾಟಬಾರದು ಎಂಬ ಮಾತನ್ನು ಅರ್ಜಿಯಲ್ಲಿ ಬರೆಯಿರಿ, ಫೋಟೋಗಳನ್ನೂ ಅದಕ್ಕೇ ಲಗತ್ತಿಸಿ.